ಈಶ್ವರಿ ಬೇರಿನ ಕಷಾಯ ಮತ್ತು ಮೂತ್ರಪಿಂಡ

ಪ್ರಶ್ನೆ: ನಮ್ಮದು ಮಲೆನಾಡಿನ ಅಡಿಕೆ ತೋಟದ ಮನೆ. ಕೊಟ್ಟಿಗೆಯ ಹಿಂದೆ ಈಶ್ವರಿ ಬಳ್ಳಿ ಹಬ್ಬಿದೆ. ಹಾವು ಸುಳಿಯಬಾರದೆಂದು ಅಜ್ಜ ನೆಟ್ಟಿದ್ದಂತೆ. ನನ್ನ ತಾಯಿಗೆ 56 ವರ್ಷ. ಗಂಟುನೋವಿಗೂ ಅಜೀರ್ಣಕ್ಕೂ ಒಳ್ಳೆಯದೆಂದು ನಾಟಿ ವೈದ್ಯರೊಬ್ಬರು ಹೇಳಿದ ಮೇಲೆ ಅವರು ಎರಡು ವರ್ಷಗಳಿಂದ ಪ್ರತಿದಿನ ಬೆಳಿಗ್ಗೆ ಕಿರುಬೆರಳುದ್ದದ ಬೇರನ್ನು ಜಜ್ಜಿ ಕಷಾಯ ಮಾಡಿ ಕುಡಿಯುತ್ತಿದ್ದಾರೆ. ಇತ್ತೀಚೆಗೆ ತುಂಬ ಸುಸ್ತೆಂದು ರಕ್ತಪರೀಕ್ಷೆ ಮಾಡಿಸಿದಾಗ ಮೂತ್ರಪಿಂಡದ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್ 1.6, ಹಿಮೋಗ್ಲೋಬಿನ್ 8.9 ಬಂದಿದೆ. ಸಕ್ಕರೆ ಕಾಯಿಲೆ ಇಲ್ಲ, ರಕ್ತದೊತ್ತಡವೂ ಹೆಚ್ಚಿಲ್ಲ. ಆಸ್ಪತ್ರೆಯ ವೈದ್ಯರು ಕಷಾಯ ನಿಲ್ಲಿಸಲು ಹೇಳಿದ್ದಾರೆ. ನಾಟಿ ವೈದ್ಯರು, 'ಮೂರು ತಲೆಮಾರಿನಿಂದ ಕೊಡುತ್ತಿದ್ದೇವೆ, ಒಬ್ಬರಿಗೂ ತೊಂದರೆಯಾಗಿಲ್ಲ. ನಾನು ಕೊಡುವುದು ಹಾಲಿನಲ್ಲಿ ಬೇಯಿಸಿ ಶುದ್ಧಿ ಮಾಡಿದ ಬೇರು' ಎನ್ನುತ್ತಾರೆ. ಮನೆಯ ಮಕ್ಕಳಿಗೂ ಹೊಟ್ಟೆನೋವು ಬಂದಾಗ ಇದೇ ಬೇರನ್ನು ತೇಯ್ದು ನೆಕ್ಕಿಸಿದ್ದೇವೆ. ಹಾವು ಕಚ್ಚಿದರೆ ಬೇಕಾಗುತ್ತದೆಂದು ಚಿಕ್ಕಪ್ಪ ಒಣಗಿದ ಬೇರು ಇಟ್ಟುಕೊಂಡಿದ್ದಾರೆ. ನಾವು ಯಾರ ಮಾತು ಕೇಳಬೇಕು? ಬಳ್ಳಿಯನ್ನೇ ಕಿತ್ತುಹಾಕಬೇಕೆ?

ಉತ್ತರ: ಆಸ್ಪತ್ರೆಯ ವೈದ್ಯರು ಹೇಳಿದ್ದು ಸರಿ. ಕಷಾಯವನ್ನು ಇಂದೇ ನಿಲ್ಲಿಸಬೇಕು. ಕಡಿಮೆ ಮಾಡುವುದು, ದಿನ ಬಿಟ್ಟು ದಿನ ಕುಡಿಯುವುದು, ಬೇರಿನ ಬದಲು ಎಲೆ ಬಳಸುವುದು, ಇವು ಯಾವುವೂ ಪರಿಹಾರವಲ್ಲ. ಹಾಗೆಂದು ನಿಮ್ಮ ತಾಯಿಯವರ ಮೂತ್ರಪಿಂಡ ಈ ಬೇರಿನಿಂದಲೇ ಕೆಟ್ಟಿದೆ ಎಂದು ಒಂದು ರಕ್ತಪರೀಕ್ಷೆಯ ಆಧಾರದಲ್ಲಿ ನಾನು ತೀರ್ಪು ಕೊಡಲಾರೆ. ಗಂಟುನೋವಿರುವವರು ಕಷಾಯದ ಜೊತೆಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ನೋವಿನ ಮಾತ್ರೆಗಳನ್ನೂ ವರ್ಷಗಟ್ಟಲೆ ನುಂಗಿರುವುದು ಅಪರೂಪವಲ್ಲ, ಅವೂ ಮೂತ್ರಪಿಂಡವನ್ನು ಕೆಡಿಸುತ್ತವೆ. ಆದರೆ ನೀವು ಬರೆದಿರುವ ವಿವರಗಳು, ಅಂದರೆ ಸಕ್ಕರೆ ಕಾಯಿಲೆಯಿಲ್ಲದಿರುವುದು, ರಕ್ತದೊತ್ತಡ ಅಷ್ಟಾಗಿ ಏರದಿರುವುದು, ಕ್ರಿಯಾಟಿನಿನ್ ಏರಿಕೆಗೆ ಹೋಲಿಸಿದರೆ ರಕ್ತಹೀನತೆ ಮಿತಿಮೀರಿರುವುದು, ಈ ಗಿಡದ ವರ್ಗ ಉಂಟುಮಾಡುವ ಕಾಯಿಲೆಗೆ ಚೆನ್ನಾಗಿಯೇ ಹೊಂದುತ್ತವೆ. ಆದ್ದರಿಂದ ಬೇರಿನ ಮೇಲಿನ ಅನುಮಾನವನ್ನು ಪಟ್ಟಿಯ ಮೊದಲಲ್ಲಿಟ್ಟುಕೊಂಡೇ ಮುಂದುವರಿಯಬೇಕು.

ಮೊದಲು ಗಿಡ ಅದೇ ಹೌದೇ ಎಂದು ಖಚಿತಪಡಿಸಿಕೊಳ್ಳೋಣ. ಈಶ್ವರಿಯ ಸಸ್ಯಶಾಸ್ತ್ರೀಯ ಹೆಸರು ಅರಿಸ್ಟೊಲೋಕಿಯಾ ಇಂಡಿಕಾ. ತೆಳ್ಳಗಿನ ಬಳ್ಳಿ, ಬುಡದಲ್ಲಿ ಮಾತ್ರ ಕಟ್ಟಿಗೆಯಂತೆ ಗಟ್ಟಿ. ಎಲೆಯ ಅಂಚು ಸ್ವಲ್ಪ ಅಲೆಅಲೆಯಾಗಿರುತ್ತದೆ. ಹೂವು ತಿಳಿಹಸಿರಿನ ಸಣ್ಣ ಕೊಳವೆ, ಬುಡದಲ್ಲಿ ಉಬ್ಬು, ತುದಿಯಲ್ಲಿ ಕಡುನೇರಳೆ ತುಟಿ. ಕಾಯಿ ಒಣಗಿದಾಗ ತೊಟ್ಟಿನ ಕಡೆಯಿಂದ ಆರು ಸೀಳಾಗಿ ಬಿರಿದು, ದಾರಗಳಲ್ಲಿ ತೂಗುಬಿಟ್ಟ ಪುಟ್ಟ ಬುಟ್ಟಿಯ ಹಾಗೆ ನೇತಾಡುತ್ತದೆ, ಒಳಗೆ ತೆಳುವಾದ ಚಪ್ಪಟೆ ಬೀಜಗಳು ಒತ್ತೊತ್ತಾಗಿರುತ್ತವೆ. ಬೇರನ್ನು ಮುರಿದರೆ ಕರ್ಪೂರವನ್ನು ನೆನಪಿಸುವ ಘಾಟು, ರುಚಿ ಕಡುಕಹಿ. ಕಾಯಿಯೊಂದಿಗಿನ ಬಳ್ಳಿಯ ಚಿತ್ರ ತೆಗೆದು ಕೃಷಿ ಅಥವಾ ಸಸ್ಯಶಾಸ್ತ್ರ ಬಲ್ಲವರಿಗೆ ತೋರಿಸಿ. ಗ್ರಂಥಿಗೆ ಅಂಗಡಿಯಿಂದ ತಂದ ಒಣಬೇರಾದರೆ ಇಷ್ಟು ಸುಲಭವಲ್ಲ. ಸರ್ಪಗಂಧ ಮೊದಲಾದ ಬೇರೆ ಗಿಡಗಳ ಬೇರುಗಳೂ 'ಹಾವಿನ ಬೇರು' ಎಂಬ ಒಂದೇ ಹೆಸರಿನಲ್ಲಿ ಕೈಬದಲಾಗುತ್ತವೆ. ತುಂಡೊಂದನ್ನು ಕಾಗದದಲ್ಲಿ ಸುತ್ತಿ, ದಿನಾಂಕ ಬರೆದು ಎತ್ತಿಡಿ. ಮುಂದೆ ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಅದೊಂದೇ ಸಾಕ್ಷಿ.

ಈ ಕುಲದ ಬಹುತೇಕ ಎಲ್ಲ ಗಿಡಗಳಲ್ಲೂ ಅರಿಸ್ಟೊಲೋಕಿಕ್ ಆಮ್ಲ ಎಂಬ ರಾಸಾಯನಿಕವಿದೆ, ನಮ್ಮ ಈಶ್ವರಿಯಲ್ಲೂ ಇದೆ. ಇದು ಕರುಳಿನಿಂದ ರಕ್ತಕ್ಕೆ ಸೇರಿ ಮೂತ್ರಪಿಂಡ ತಲುಪುತ್ತದೆ. ಮೂತ್ರಪಿಂಡದ ಸೂಕ್ಷ್ಮ ನಾಳಗಳ ಜೀವಕೋಶಗಳಿಗೆ ರಕ್ತದಲ್ಲಿರುವ ಕೆಲವು ಬಗೆಯ ಆಮ್ಲಗಳನ್ನು ಒಳಗೆಳೆದು ಮೂತ್ರಕ್ಕೆ ದಾಟಿಸುವ ಕೆಲಸವಿದೆ. ಅದೇ ದಾರಿಯಲ್ಲಿ ಈ ಆಮ್ಲವೂ ಒಳಹೊಕ್ಕು ಅಲ್ಲಿ ಸಾಂದ್ರವಾಗುತ್ತದೆ. ಜೀವಕೋಶದ ಕಿಣ್ವಗಳು ಅದನ್ನು ಮಾರ್ಪಡಿಸಲು ಹೋದಾಗ ಮೂಲಕ್ಕಿಂತ ಅಪಾಯಕಾರಿಯಾದ ರೂಪವೊಂದು ಹುಟ್ಟಿ, ನೇರವಾಗಿ ಡಿಎನ್ಎಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡದ್ದನ್ನು ಕಿತ್ತೆಸೆಯುವಲ್ಲಿ ನಮ್ಮ ದೇಹದ ದುರಸ್ತಿ ವ್ಯವಸ್ಥೆ ಬಹುಮಟ್ಟಿಗೆ ಸೋಲುತ್ತದೆ. ಸೇವನೆ ನಿಲ್ಲಿಸಿ ಹಲವಾರು ವರ್ಷಗಳಾದವರ ಮೂತ್ರಪಿಂಡದಲ್ಲೂ ಈ ಗುರುತು ಪತ್ತೆಯಾಗಿದೆ. ಪರಿಣಾಮ ಎರಡು ಬಗೆ. ನಾಳಗಳು ಸತ್ತು ಅವುಗಳ ಜಾಗದಲ್ಲಿ ನಾರು ತುಂಬಿ ಮೂತ್ರಪಿಂಡ ಮುದುಡುತ್ತದೆ. ಅದಕ್ಕಿಂತ ತಡವಾಗಿ, ಮೂತ್ರಪಿಂಡದ ಬಟ್ಟಲು, ಮೂತ್ರನಾಳ ಮತ್ತು ಮೂತ್ರಕೋಶದ ಒಳಪದರದಲ್ಲಿ ಕ್ಯಾನ್ಸರ್ ಹುಟ್ಟಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಈ ಆಮ್ಲವನ್ನೂ ಇದಿರುವ ಗಿಡಗಳನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಒಂದನೇ ಗುಂಪಿನಲ್ಲಿ ಇರಿಸಿದೆ. ತಂಬಾಕು ಇರುವುದೂ ಅದೇ ಗುಂಪಿನಲ್ಲಿ.

ಈ ಅರಿವು ಬಂದದ್ದು ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ನಡೆದ ಒಂದು ದುರಂತದಿಂದ. ಅಲ್ಲಿ ತೂಕ ಇಳಿಸುವ ಚಿಕಿತ್ಸಾಲಯವೊಂದು 1990ರಿಂದ ತನ್ನ ಗುಳಿಗೆಗಳಿಗೆ ಚೀನೀ ಗಿಡಮೂಲಿಕೆಗಳನ್ನು ಸೇರಿಸತೊಡಗಿತು. ಸೇರಬೇಕಾಗಿದ್ದದ್ದು ಸ್ಟೆಫಾನಿಯಾ ಟೆಟ್ರಾಂಡ್ರಾ ಎಂಬ, ನಮ್ಮ ಅಮೃತಬಳ್ಳಿಯ ಕುಟುಂಬಕ್ಕೇ ಸೇರಿದ ಗಿಡದ ಬೇರು. ಆದರೆ ಚೀನೀ ಮಾರುಕಟ್ಟೆಯಲ್ಲಿ ಅದನ್ನೂ ಅರಿಸ್ಟೊಲೋಕಿಯಾ ಫಾಂಗ್ಚಿಯನ್ನೂ 'ಫಾಂಗ್ ಜಿ' ಎಂಬ ಒಂದೇ ಹೆಸರು ಸೇರಿಸಿ ಕರೆಯುವ ರೂಢಿಯಿದ್ದುದರಿಂದ ಒಂದರ ಬದಲು ಇನ್ನೊಂದು ಬಂದು ಸೇರಿತು. ಆರೋಗ್ಯವಾಗಿದ್ದ, ತೂಕ ಇಳಿಸಲೆಂದು ಮಾತ್ರ ಬಂದಿದ್ದ ಹೆಂಗಸರು ಕೆಲವೇ ತಿಂಗಳಿಂದ ವರ್ಷದೊಳಗೆ ಮೂತ್ರಪಿಂಡ ಕೆಟ್ಟು ಆಸ್ಪತ್ರೆ ಸೇರತೊಡಗಿದರು. ವೈದ್ಯರು 1993ರಲ್ಲಿ ಇದನ್ನು ವರದಿ ಮಾಡಿದರು. ಮುಂದೆ ಇಂಥವರ ಸಂಖ್ಯೆ ನೂರು ದಾಟಿತು. ನಂತರ ಬಂದದ್ದು ಇನ್ನೂ ಕೆಟ್ಟ ಸುದ್ದಿ. ಮೂತ್ರಪಿಂಡ ಪೂರ್ತಿ ಕೈಕೊಟ್ಟು ಡಯಾಲಿಸಿಸ್ ಅಥವಾ ಕಸಿಗೆ ಒಳಗಾಗಿದ್ದ 39 ಮಂದಿಯ ನಿಷ್ಪ್ರಯೋಜಕ ಮೂತ್ರಪಿಂಡ ಮತ್ತು ಮೂತ್ರನಾಳಗಳನ್ನು ಮುನ್ನೆಚ್ಚರಿಕೆಗಾಗಿ ತೆಗೆದು ಪರೀಕ್ಷಿಸಿದಾಗ 18 ಮಂದಿಯಲ್ಲಿ ಕ್ಯಾನ್ಸರ್ ಪತ್ತೆಯಾಯಿತು. 2000ದಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಒಟ್ಟು ಸೇವನೆ 200 ಗ್ರಾಂ ಮೀರಿದವರಲ್ಲಿ ಅಪಾಯ ಹೆಚ್ಚು.

ಆ 200 ಗ್ರಾಂ ಎಂಬುದನ್ನು ನಿಮ್ಮ ಮನೆಯ ಲೆಕ್ಕಕ್ಕೆ ನೇರವಾಗಿ ಹೊಂದಿಸುವುದು ಸರಿಯಲ್ಲ. ಅದು ಬೇರೆ ಜಾತಿಯ ಗಿಡ, ಅವರು ನುಂಗಿದ್ದು ಪುಡಿ, ನಿಮ್ಮ ತಾಯಿಯವರು ಕುಡಿದದ್ದು ಕಷಾಯ. ಮಣ್ಣು, ಋತು, ಬೇರಿನ ವಯಸ್ಸಿಗೆ ತಕ್ಕಂತೆ ಆಮ್ಲದ ಪ್ರಮಾಣವೂ ಬದಲಾಗುತ್ತದೆ. ಆದರೂ ದಿನಕ್ಕೊಂದು ತುಂಡು, ಅದು ಎರಡೇ ಗ್ರಾಂ ತೂಗುತ್ತದೆಂದು ಇಟ್ಟುಕೊಂಡರೂ, ವರ್ಷಕ್ಕೆ 700 ಗ್ರಾಂ ದಾಟುತ್ತದೆ. ಸಣ್ಣ ತುಂಡಲ್ಲವೇ ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಈ ವಿಷದ ಹಾನಿ ದಿನದಿನಕ್ಕೂ ಒಟ್ಟುಗೂಡುತ್ತ ಹೋಗುವಂಥದ್ದು. ಇಷ್ಟರವರೆಗೆ ಸುರಕ್ಷಿತ ಎಂದು ಹೇಳಬಹುದಾದ ಪ್ರಮಾಣ ಯಾವುದೂ ಸ್ಥಾಪಿತವಾಗಿಲ್ಲ.

ಈಗ ನಾಟಿ ವೈದ್ಯರ ಮಾತಿಗೆ ಬರುತ್ತೇನೆ. ನಿಮ್ಮ ಪ್ರಶ್ನೆಯ ಗಂಟು ಇರುವುದು ಅಲ್ಲೇ. ಮೂರು ತಲೆಮಾರಿನಲ್ಲಿ ಒಬ್ಬರಿಗೂ ತೊಂದರೆಯಾಗಿಲ್ಲ ಎನ್ನುವಾಗ ಅವರು ಸುಳ್ಳು ಹೇಳುತ್ತಿದ್ದಾರೆಂದು ನಾನು ಭಾವಿಸುವುದಿಲ್ಲ. ಅವರು ಕಂಡದ್ದನ್ನೇ ಹೇಳುತ್ತಿದ್ದಾರೆ. ಕುಡಿದ ಗಳಿಗೆಯಲ್ಲಿ, ಆ ವಾರದಲ್ಲಿ, ಆ ತಿಂಗಳಲ್ಲಿ ಯಾರಿಗೂ ಏನೂ ಆಗುವುದಿಲ್ಲ. ದತ್ತೂರದ ಬೀಜ ತಿಂದವನು ಅದೇ ದಿನ ಬಾಯಿ ಒಣಗಿ ಬಡಬಡಿಸುತ್ತಾನೆ. ವತ್ಸನಾಭಿ ತಪ್ಪಿದರೆ ಗಂಟೆಗಳಲ್ಲೇ ಹೃದಯದ ಬಡಿತ ಏರುಪೇರಾಗುತ್ತದೆ. ಕಾಸರಕದ ಬೀಜ ಹೆಚ್ಚಾದರೆ ಮೈ ಸೆಟೆದು ನಿಲ್ಲುತ್ತದೆ. ಇಂಥ ವಿಷಗಳನ್ನು ಪರಂಪರೆ ಬಹಳ ಚೆನ್ನಾಗಿ ಗುರುತಿಸಿದೆ, ಶೋಧನೆಯ ವಿಧಾನಗಳನ್ನು ಕಟ್ಟಿದೆ, ಮಿತಿಗಳನ್ನು ಹಾಕಿದೆ. ಆ ಜ್ಞಾನದ ಮೇಲೆ ನನಗೆ ಗೌರವವಿದೆ. ಆದರೆ ಕುಡಿದು ನಾಲ್ಕು ವರ್ಷಕ್ಕೆ ಸುಸ್ತು, ಹತ್ತು ವರ್ಷಕ್ಕೆ ಮೂತ್ರದಲ್ಲಿ ರಕ್ತ, ಅಷ್ಟರಲ್ಲಿ ಮಗಳ ಮನೆಗೋ ಪೇಟೆಗೋ ಹೋಗಿ ಅಲ್ಲೇ ತೀರಿಕೊಂಡವರ ಸಾವಿಗೂ ಹಿತ್ತಲಿನ ಬೇರಿಗೂ ನಂಟು ಹೊಸೆಯಲು ಯಾವ ವೈದ್ಯರ ಅನುಭವಕ್ಕೂ ಸಾಧ್ಯವಿಲ್ಲ, ನನ್ನದಕ್ಕೂ ಇಲ್ಲ. 'ಕೈಕಾಲು ಬಾತು ಹೋದರು' ಎಂದು ಊರಿನಲ್ಲಿ ಹೇಳುವ ಎಷ್ಟು ಸಾವುಗಳ ಕಾರಣವನ್ನು ಯಾರು ಹುಡುಕಿದ್ದಾರೆ?

ಬಾಲ್ಕನ್ ಪ್ರದೇಶದಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ನಿದರ್ಶನ. ಡ್ಯಾನ್ಯೂಬ್ ನದಿಯ ಉಪನದಿಗಳ ದಂಡೆಯ ಕೆಲವು ಹಳ್ಳಿಗಳಲ್ಲಿ, ಇಂದಿನ ಸರ್ಬಿಯಾ, ಬೋಸ್ನಿಯಾ, ಕ್ರೊಯೇಷಿಯಾ, ಬಲ್ಗೇರಿಯಾ, ರೊಮೇನಿಯಾಗಳಲ್ಲಿ, ನಡುವಯಸ್ಸು ದಾಟಿದ ರೈತರು ಮೂತ್ರಪಿಂಡ ಮುದುಡಿ ಸಾಯುತ್ತಿದ್ದುದನ್ನು 1950ರ ದಶಕದಲ್ಲೇ ವೈದ್ಯರು ದಾಖಲಿಸಿದ್ದರು. ಒಂದು ಮನೆಯಲ್ಲಿ ಕಾಯಿಲೆ, ಪಕ್ಕದ ಮನೆಯಲ್ಲಿ ಇಲ್ಲ. ನೀರಿನಲ್ಲಿದೆಯೆಂದರು, ಬೂಷ್ಟಿನಲ್ಲಿದೆಯೆಂದರು, ವಂಶದಲ್ಲಿದೆಯೆಂದರು. ಗೋಧಿ ಹೊಲಗಳಲ್ಲಿ ಕಳೆಯಾಗಿ ಬೆಳೆಯುವ ಅರಿಸ್ಟೊಲೋಕಿಯಾ ಕ್ಲೆಮಟೈಟಿಸ್ ಗಿಡದ ಬೀಜ ಕೊಯ್ಲಿನಲ್ಲಿ ಕಾಳಿನೊಂದಿಗೆ ಬೆರೆತು, ಹಿಟ್ಟಾಗಿ, ದಿನವೂ ಮನೆಯ ರೊಟ್ಟಿಯಲ್ಲಿ ಸೇರುತ್ತಿದೆಯೆಂದು 1969ರಲ್ಲಿ ಒಬ್ಬ ವಿಜ್ಞಾನಿ ಸೂಚಿಸಿದರೂ ಅದು ಮೂಲೆ ಸೇರಿತು. ರೋಗಿಗಳ ಅಂಗಾಂಶದ ಡಿಎನ್ಎಯಲ್ಲಿ ಈ ಆಮ್ಲದ ಗುರುತು ಸಿಕ್ಕಿ ವಿಷಯ ಖಚಿತವಾಗಲು 2007ರ ಸುಮಾರಿನವರೆಗೆ ಕಾಯಬೇಕಾಯಿತು. ಗೋಧಿಯ ಜೊತೆ ಬರುತ್ತಿದ್ದ ಕೆಲವೇ ಬೀಜಗಳು, ಬೇಯಿಸಿದ ರೊಟ್ಟಿ, ಅರ್ಧ ಶತಮಾನದ ಹುಡುಕಾಟ. ಒಬ್ಬ ನಾಟಿ ವೈದ್ಯರ ಕಣ್ಣಿಗೆ ಇದು ಬೀಳಲಿಲ್ಲವೆಂದರೆ ಅದರಲ್ಲಿ ಆಶ್ಚರ್ಯವೇನಿದೆ?

ಕುದಿಸುವುದರಿಂದ ಅಥವಾ ಹಾಲಿನಲ್ಲಿ ಬೇಯಿಸುವುದರಿಂದ ದೋಷ ಹೋಗುವುದಿಲ್ಲವೇ ಎಂಬುದಕ್ಕೂ ಉತ್ತರ ಮೇಲಿನ ರೊಟ್ಟಿಯಲ್ಲೇ ಇದೆ. ಅರಿಸ್ಟೊಲೋಕಿಕ್ ಆಮ್ಲ ಅಡುಗೆಯ ಬಿಸಿಗೆ ಒಡೆದು ನಾಶವಾಗುವ ವಸ್ತುವಲ್ಲ. ಸಂಸ್ಕರಣೆಯಿಂದ ಅದರ ಪ್ರಮಾಣ ಒಂದಿಷ್ಟು ತಗ್ಗಬಹುದು, ಆದರೆ ಪೂರ್ತಿ ಹೋಗಿದೆಯೆಂದು ನೋಡಿ, ಮೂಸಿ, ರುಚಿ ನೋಡಿ ಹೇಳಲು ಬರುವುದಿಲ್ಲ. ಪಾರಂಪರಿಕ ಶೋಧನೆ ಯಶಸ್ವಿಯಾಯಿತೆಂದು ತಿಳಿಯುತ್ತಿದ್ದುದು ತಕ್ಷಣದ ವಿಷಲಕ್ಷಣ ಕಾಣಲಿಲ್ಲ ಎಂಬುದರಿಂದ. ತಕ್ಷಣದ ಲಕ್ಷಣವೇ ಇಲ್ಲದ ವಿಷಕ್ಕೆ ಆ ಅಳತೆಗೋಲು ಹೊಂದುವುದಿಲ್ಲ. ನಮ್ಮ ಔಷಧ ಕಾನೂನಿನಲ್ಲೂ ಇದರ ನೆರಳಿದೆ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯಿದೆಯಡಿಯ ನಿಯಮಗಳಲ್ಲಿ ಆಯುರ್ವೇದ, ಸಿದ್ಧ, ಯುನಾನಿ ಔಷಧಗಳ ವಿಷದ್ರವ್ಯಗಳಿಗೆಂದೇ ಇ(1) ಎಂಬ ಅನುಸೂಚಿಯಿದೆ. ಅದರಲ್ಲಿರುವ ದ್ರವ್ಯ ಸೇರಿದ ಔಷಧದ ಮೇಲೆ, ವೈದ್ಯಕೀಯ ಮೇಲ್ವಿಚಾರಣೆಯಲ್ಲಿ ಸೇವಿಸಬೇಕೆಂಬ ಎಚ್ಚರಿಕೆ ಮುದ್ರಿಸಬೇಕು. ವತ್ಸನಾಭಿ, ದತ್ತೂರ, ಗುಲಗಂಜಿ, ಕಣಗಿಲೆ, ವಿಷಮುಷ್ಟಿ ಮುಂತಾದವು ಅಲ್ಲಿವೆ, ಎಲ್ಲವೂ ಹಿಂದಿನವರಿಗೆ ಗೊತ್ತಿದ್ದ ಚುರುಕಿನ ವಿಷಗಳು, ಈಶ್ವರಿಯಂತೆ ನಿಧಾನವಾಗಿ ಕೆಡಿಸುವಂಥವಲ್ಲ. ಜೊತೆಗೆ ಹಿತ್ತಲಿನಿಂದ ಕಿತ್ತು ಕೊಡುವ ಬೇರಿನ ಮೇಲೆ ಚೀಟಿಯೇ ಇರುವುದಿಲ್ಲ.

ಇಷ್ಟು ಹೇಳುವಾಗ ಇದನ್ನು ಅಲೋಪತಿ ಮತ್ತು ಆಯುರ್ವೇದದ ಜಗಳವೆಂದು ತಿಳಿಯಬೇಡಿ. ಬೆಲ್ಜಿಯಂನ ಗುಳಿಗೆಗಳನ್ನು ಬರೆದುಕೊಟ್ಟದ್ದು ಆಧುನಿಕ ವೈದ್ಯರೇ. ತೈವಾನಿನಲ್ಲಿ 1997ರಿಂದ 2003ರವರೆಗಿನ ಸರ್ಕಾರಿ ವಿಮೆಯ ದಾಖಲೆಗಳಿಂದ ಎರಡು ಲಕ್ಷ ಜನರ ಮಾದರಿಯನ್ನು ತೆಗೆದು ನೋಡಿದಾಗ, ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಈ ಕುಲದ ಗಿಡವಿರುವ ಔಷಧವನ್ನು ಅಧಿಕೃತವಾಗಿಯೇ ಬರೆದುಕೊಡಲಾಗಿತ್ತು. ಆ ಪರಂಪರೆಯೂ ಸಾವಿರಾರು ವರ್ಷಗಳದ್ದೇ. ವಿಷಯ ಸ್ಪಷ್ಟವಾದ ಮೇಲೆ ತೈವಾನ್ 2003ರಲ್ಲಿ ಅವನ್ನು ನಿಷೇಧಿಸಿತು. ಚೀನಾ ಕೂಡ ತನ್ನ ಔಷಧಕೋಶದಿಂದ ಈ ಕುಲದ ಕೆಲವು ಗಿಡಗಳನ್ನು ಕೈಬಿಟ್ಟಿತು. ನಮ್ಮಲ್ಲಿ 2018ರಿಂದ ಆಯುಷ್ ಔಷಧಗಳ ಅಡ್ಡಪರಿಣಾಮಗಳನ್ನು ವರದಿ ಮಾಡುವ ರಾಷ್ಟ್ರೀಯ ವ್ಯವಸ್ಥೆಯಿದೆ. ಹತ್ತಿರದ ಆಯುರ್ವೇದ ಕಾಲೇಜಿನ ವೈದ್ಯರಿಗೆ ನಿಮ್ಮ ತಾಯಿಯವರ ವಿಷಯ ತಿಳಿಸಿದರೆ ಅವರು ಅದನ್ನು ದಾಖಲಿಸಲು ನೆರವಾಗಬಲ್ಲರು. ನಾಟಿ ವೈದ್ಯರಿಗೂ ವರದಿ ತೋರಿಸಿ, ಜಗಳಕ್ಕಲ್ಲ. ಅವರ ಬಳಿ ಇದೇ ಬೇರು ಕುಡಿಯುತ್ತಿರುವ ಇನ್ನೆಷ್ಟು ಜನರಿದ್ದಾರೋ.

ತಾಯಿಯವರಿಗೆ ಈಗ ಮಾಡಬೇಕಾದದ್ದು. ಕ್ರಿಯಾಟಿನಿನ್ 1.6 ಎಂಬುದು ಕಾಗದದ ಮೇಲೆ ಸಣ್ಣ ಏರಿಕೆಯಂತೆ ಕಂಡರೂ, 56 ವರ್ಷದ ಹೆಂಗಸಿನಲ್ಲಿ ಮೂತ್ರಪಿಂಡದ ಸೋಸುವ ಶಕ್ತಿ 40ಕ್ಕಿಂತ ಸ್ವಲ್ಪ ಕೆಳಗಿದೆ ಎಂದರ್ಥ. ಆರೋಗ್ಯವಂತರಲ್ಲಿ ಇದು 90ರ ಆಸುಪಾಸು ಅಥವಾ ಅದಕ್ಕಿಂತ ಮೇಲಿರುತ್ತದೆ. ಆದ್ದರಿಂದ ತಡಮಾಡದೆ ಮೂತ್ರಪಿಂಡ ತಜ್ಞರನ್ನು ಕಾಣಬೇಕು. ಅವರು ಮೂತ್ರದಲ್ಲಿ ಪ್ರೋಟೀನ್, ರಕ್ತಕಣ ಮತ್ತು ಸಕ್ಕರೆಯನ್ನು ನೋಡುತ್ತಾರೆ. ರಕ್ತದಲ್ಲಿ ಸಕ್ಕರೆ ಸರಿಯಿದ್ದೂ ಮೂತ್ರದಲ್ಲಿ ಸಕ್ಕರೆ ಬಂದರೆ ಅದು ನಾಳಗಳು ಕೆಟ್ಟಿರುವುದರ ಸುಳಿವು. ಪ್ರೋಟೀನ್ ಮಾತ್ರ ಈ ಕಾಯಿಲೆಯಲ್ಲಿ ಹೆಚ್ಚು ಸೋರುವುದಿಲ್ಲ. ಹಾಗಾಗಿ 'ಮೂತ್ರ ಪರೀಕ್ಷೆ ಬಹುತೇಕ ಸರಿಯಾಗಿದೆ' ಎಂಬ ವರದಿಯಿಂದ ಸಮಾಧಾನಪಟ್ಟುಕೊಂಡು ಮನೆಗೆ ಬರಬಾರದು. ಸ್ಕ್ಯಾನಿಂಗ್‌ನಲ್ಲಿ ಮೂತ್ರಪಿಂಡಗಳ ಗಾತ್ರ ತಿಳಿಯುತ್ತದೆ. ಅಗತ್ಯವೆನಿಸಿದರೆ ಬಯಾಪ್ಸಿ ಮಾಡಿ, ಈ ಕಾಯಿಲೆಗೇ ವಿಶಿಷ್ಟವಾದ, ಉರಿಯೂತದ ಕಣಗಳು ವಿರಳವಾಗಿದ್ದು ನಾರು ಮಾತ್ರ ದಟ್ಟವಾಗಿರುವ ಲಕ್ಷಣವಿದೆಯೇ ಎಂದು ನೋಡಬಹುದು. ರಕ್ತಹೀನತೆಗೆ ಕಬ್ಬಿಣಾಂಶದ ಕೊರತೆಯಂಥ ಬೇರೆ ಕಾರಣವಿದೆಯೇ ಎಂಬುದನ್ನೂ ಪರೀಕ್ಷಿಸಬೇಕು.

ವೈದ್ಯರ ಮುಂದೆ ಕಷಾಯದ ವಿಷಯವನ್ನು ಮುಚ್ಚಿಡಬೇಡಿ. ಬೈಯುತ್ತಾರೆಂಬ ಅಳುಕಿನಿಂದ ಎಷ್ಟೋ ಮಂದಿ ಕೇಳಿದರೂ ಇಲ್ಲವೆನ್ನುತ್ತಾರೆ. ಎಂದಿನಿಂದ, ಎಷ್ಟು, ಯಾವ ಭಾಗ, ಜೊತೆಗೆ ಯಾವ ಲೇಹ, ಭಸ್ಮ, ನೋವಿನ ಮಾತ್ರೆ ತೆಗೆದುಕೊಂಡಿದ್ದರು ಎಂಬುದನ್ನು ಬರೆದುಕೊಂಡು, ಎತ್ತಿಟ್ಟ ಬೇರಿನ ತುಂಡಿನೊಂದಿಗೆ ಹೋಗಿ. ಇದಕ್ಕೆ ಪ್ರತಿವಿಷವಿಲ್ಲ. ಸೇವನೆ ನಿಲ್ಲಿಸಿದರೂ ಕೆಲವರಲ್ಲಿ ಕಾಯಿಲೆ ಮುಂದುವರಿಯುತ್ತದೆ. ಸ್ಟೀರಾಯ್ಡ್ ಕೊಟ್ಟಾಗ ಕೆಲವರಲ್ಲಿ ಅದರ ವೇಗ ತಗ್ಗಿದ್ದು ವರದಿಯಾಗಿದೆ, ಆದರೆ ಆ ತೀರ್ಮಾನ ತಜ್ಞರಿಗೇ ಬಿಟ್ಟದ್ದು. ಬೇಗ ನಿಲ್ಲಿಸಿದವರಲ್ಲಿ ಮೂತ್ರಪಿಂಡ ಇದ್ದಲ್ಲೇ ನಿಲ್ಲುವ ಸಾಧ್ಯತೆಯೂ ಇದೆ. ಕ್ಯಾನ್ಸರ್‌ನ ಅಪಾಯ ಉಳಿದೇ ಇರುವುದರಿಂದ ವೈದ್ಯರು ಹೇಳಿದ ಅಂತರದಲ್ಲಿ ಮೂತ್ರದ ಜೀವಕೋಶ ಪರೀಕ್ಷೆ ಮತ್ತು ಸ್ಕ್ಯಾನಿಂಗ್ ಮಾಡಿಸುತ್ತಲೇ ಇರಬೇಕು. ಮೂತ್ರ ಒಮ್ಮೆ ಕೆಂಪಾಗಿ, ನೋವಿಲ್ಲದೆ, ಮರುದಿನ ತಾನಾಗಿ ಸರಿಹೋದರೂ ಅದನ್ನು ಉಷ್ಣವೆಂದು ತಳ್ಳಿಹಾಕಿ ಎಳನೀರು ಕುಡಿದು ಕೂರಬಾರದು.

ಚಿಕ್ಕಪ್ಪನವರ ಒಣಬೇರಿನ ವಿಷಯ. ಮುಂಗುಸಿ ಹಾವಿನೊಡನೆ ಕಾದಾಡುವ ಮೊದಲು ಈ ಬೇರನ್ನು ತಿನ್ನುತ್ತದೆಂದು ನಮ್ಮ ಕಡೆ ಹೇಳುವುದುಂಟು. ನಾಗರಹಾವಿನ ನರವಿಷ ಸುಲಭವಾಗಿ ಅಂಟದಂತೆ ಮುಂಗುಸಿಯ ಸ್ನಾಯುಗಳ ರಚನೆಯೇ ಬೇರೆ. ಅದು ಬೇರಿನ ಕೃಪೆಯಲ್ಲ. ಈ ಆಮ್ಲ ಹಾವಿನ ವಿಷದ ಒಂದು ಕಿಣ್ವವನ್ನು ಪ್ರಯೋಗಾಲಯದ ನಳಿಕೆಯಲ್ಲಿ ತಡೆಯುತ್ತದೆ ಎಂಬುದು ನಿಜ, ಆದರೆ ಅದು ಕಚ್ಚಿಸಿಕೊಂಡ ಮನುಷ್ಯನನ್ನು ಉಳಿಸುತ್ತದೆ ಎಂಬುದಕ್ಕೆ ಆಧಾರವಾಗುವುದಿಲ್ಲ. ಕಚ್ಚುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು, ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ. ಬೇರಿಗೆ ಹೆಸರು ಬಂದದ್ದು ಈ ಕಡಿತಗಳಿಂದ. ಕೊಳಕುಮಂಡಲ ನಿಜವಾಗಿ ವಿಷ ಬಿಟ್ಟಿದ್ದರೆ ರಕ್ತ ಹೆಪ್ಪುಗಟ್ಟುವುದು ನಿಂತು, ಮೂತ್ರಪಿಂಡಗಳೂ ಕೆಡುತ್ತವೆ. ಬೇರು ತೇಯುತ್ತ ಕಳೆದ ಸಮಯ ಮತ್ತೆ ಸಿಗುವುದಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ಕೆಲಸ ಮಾಡುವ ಪ್ರತಿವಿಷ ಸರ್ಕಾರಿ ಆಸ್ಪತ್ರೆಗಳಲ್ಲಿ ದೊರೆಯುತ್ತದೆ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಒಣಬೇರಿನ ಜಾಗದಲ್ಲಿ ಹತ್ತಿರದ ತಾಲ್ಲೂಕು ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ಇಟ್ಟುಕೊಳ್ಳಲು ಅವರಿಗೆ ಹೇಳಿ.

ಬಳ್ಳಿಯನ್ನು ಕೀಳಬೇಕಾಗಿಲ್ಲ. ಅದು ಮುಟ್ಟಿದರೆ, ಗಾಳಿ ಸೋಕಿದರೆ ಕೆಡುಕು ಮಾಡುವುದಿಲ್ಲ, ತಿಂದರೆ ಮಾತ್ರ. ಹಾವನ್ನೂ ಅದು ಓಡಿಸುವುದಿಲ್ಲ, ಆ ಕೆಲಸಕ್ಕೆ ಕೊಟ್ಟಿಗೆಯ ಸುತ್ತಲ ಕಸ, ಕಟ್ಟಿಗೆ ರಾಶಿ ಮತ್ತು ಇಲಿಗಳನ್ನು ಕಡಿಮೆ ಮಾಡುವುದೇ ದಾರಿ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳುಗಳಿಗೆ ಈಶ್ವರಿಯ ಕುಟುಂಬದ ಗಿಡಬಳ್ಳಿಗಳೇ ಆಹಾರ. ಅವು ಎಲೆಯಲ್ಲಿರುವ ಇದೇ ಆಮ್ಲವನ್ನು ಮೈಯಲ್ಲಿ ಕೂಡಿಟ್ಟು ಹಕ್ಕಿಗಳಿಂದ ತಪ್ಪಿಸಿಕೊಳ್ಳುತ್ತವೆ. ಬಳ್ಳಿ ಚಿಟ್ಟೆಗಿರಲಿ. ಆದರೆ ಮನೆಗೆ ಬಂದುಹೋಗುವವರು ಔಷಧಿಗೆಂದು ಬೇರು ಕೇಳಿದರೆ ಕೊಡಬೇಡಿ. ಬಾಣಂತಿಯರ ಕಷಾಯಕ್ಕೂ ಬೇಡ, ಗರ್ಭಿಣಿಯರಂತೂ ಹತ್ತಿರ ಸೇರಿಸಬಾರದು. ಗರ್ಭ ಇಳಿಸಲು ಇದನ್ನು ಬಳಸುತ್ತಿದ್ದ ಪದ್ಧತಿ ಹಳೆಯದು.

ಇನ್ನು ಮಕ್ಕಳು. ಹೊಟ್ಟೆನೋವಿಗೆಂದು ಯಾವಾಗಲೋ ಒಮ್ಮೊಮ್ಮೆ ಸಾಣೆಕಲ್ಲಿನ ಮೇಲೆ ನಾಲ್ಕು ಸುತ್ತು ತೇಯ್ದು ನೆಕ್ಕಿಸಿದ ಪ್ರಮಾಣ ನಿಮ್ಮ ತಾಯಿಯವರು ಕುಡಿದದ್ದಕ್ಕೆ ಹೋಲಿಸಿದರೆ ತೀರ ಕಡಿಮೆ, ಅದಕ್ಕಾಗಿ ಈಗ ಗಾಬರಿಯಾಗುವ ಅಗತ್ಯವಿಲ್ಲ. ಮುಂದೆ ಕೊಡಬೇಡಿ. ಮಕ್ಕಳ ವೈದ್ಯರಿಗೆ ವಿಷಯ ತಿಳಿಸಿ ಒಮ್ಮೆ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ ಮಾಡಿಸಿ, ವರದಿಯನ್ನು ಇಟ್ಟುಕೊಳ್ಳಿ. ಮನೆಯಲ್ಲಿ ಬೇರೆ ಯಾರಾದರೂ ತಿಂಗಳುಗಟ್ಟಲೆ ಇದೇ ಕಷಾಯ ಕುಡಿದಿದ್ದರೆ, ಈಗ ಎಷ್ಟೇ ಆರಾಮಾಗಿದ್ದರೂ, ಅವರೂ ಈ ಎರಡು ಪರೀಕ್ಷೆಗಳೊಂದಿಗೆ ಹಿಮೋಗ್ಲೋಬಿನ್ ಕೂಡ ನೋಡಿಸಿಕೊಳ್ಳಬೇಕು.